ಕಾಲೇಜು ಮುಗಿದರೂ ಮುಗಿಯದ ಹಾಡು

1983ರ ಡಿಸೆಂಬರ್ 2. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಹತ್ತಿರದಲ್ಲಿರುವ ಊರು ಬರ್ಲಿಂಗ್ಟನ್. ಅಲ್ಲಿನ ವರ್ಮಾಂಟ್ ವಿಶ್ವವಿದ್ಯಾಲಯದ ಹಾಸ್ಟೆಲಿನ ಊಟದ ಹಾಲಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಗಿಟಾರು, ಡ್ರಮ್ಮುಗಳನ್ನು ಜೋಡಿಸಿಕೊಂಡು ನುಡಿಸಲು ನಿಂತರು. ಕುಣಿಯಲೆಂದು ಬಂದಿದ್ದ ಹುಡುಗ ಹುಡುಗಿಯರಿಗೆ ಆ ಸಂಗೀತ ರುಚಿಸಲಿಲ್ಲ. ಯಾರೋ ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ರೆಕಾರ್ಡು ಹಾಕಿ ಇವರ ಸದ್ದಡಗಿಸಿದರು ಎಂದು ತಂಡದವರೇ ಮುಂದೆ ಹೇಳಿಕೊಂಡಿದ್ದಾರೆ.

ಇದಾಗಿ ನಲವತ್ತು ವರ್ಷಗಳ ಮೇಲೆ, 2024ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್‌ನ 'ಸ್ಫಿಯರ್' ಎಂಬ ಬೃಹತ್ ಗೋಳಾಕಾರದ ರಂಗಮಂದಿರದಲ್ಲಿ ಅದೇ ತಂಡ ನಾಲ್ಕು ರಾತ್ರಿ ನುಡಿಸಿತು. ನಾಲ್ಕು ರಾತ್ರಿಯಲ್ಲಿ ಒಂದು ಹಾಡೂ ಎರಡನೆಯ ಸಲ ಬರಲಿಲ್ಲ. ತಂಡದ ಹೆಸರು 'ಫಿಶ್'. ಉಚ್ಚಾರ ಮೀನಿನ ಇಂಗ್ಲಿಷ್ ಹೆಸರಿನದೇ, ಕಾಗುಣಿತ ಮಾತ್ರ ಬೇರೆ. ಡ್ರಮ್ಸ್ ನುಡಿಸುವ ಜಾನ್ ಫಿಶ್‌ಮನ್‌ನ ಹೆಸರಿನ ನೆರಳೂ ಅದರಲ್ಲಿದೆ.

ಜಗತ್ತಿನ ಯಾವ ಕಾಲೇಜಿಗೆ ಹೋದರೂ ಒಂದು ಸಂಗೀತದ ತಂಡ ಇದ್ದೇ ಇರುತ್ತದೆ. ವಾರ್ಷಿಕೋತ್ಸವದಲ್ಲಿ ಮೆರೆದು, ಅಂತಿಮ ಪರೀಕ್ಷೆಯ ಫಲಿತಾಂಶದ ಹೊತ್ತಿಗೆ ಅದು ಕಣ್ಮರೆಯಾಗುತ್ತದೆ. ಒಬ್ಬ ಕೆಲಸಕ್ಕೆ ಸೇರುತ್ತಾನೆ, ಇನ್ನೊಬ್ಬ ಊರು ಬಿಡುತ್ತಾನೆ, ಗಿಟಾರು ಅಟ್ಟ ಸೇರುತ್ತದೆ. ಫಿಶ್ ಹಾಗಾಗಲಿಲ್ಲ. ಅಮೆರಿಕದ ಜನಪ್ರಿಯತಾ ಪಟ್ಟಿಯ ಮೊದಲ ನಲವತ್ತರೊಳಗೆ ಅದರ ಒಂದು ಹಾಡೂ ಎಂದೂ ಬಂದಿಲ್ಲ. ಆದರೂ ಅದು ಆ ದೇಶದ ಅತಿ ದೊಡ್ಡ ಸಂಗೀತ ಸಂತೆಗಳನ್ನು ನಡೆಸಿತು, ಎರಡು ಸಲ ನಿಂತಿತು, ಎರಡು ಸಲ ಎದ್ದಿತು. ಇದು ಹೇಗಾಯಿತು ಎಂಬುದು ಸಂಗೀತದ ಕಥೆ ಎಷ್ಟೋ, ನುಡಿಸುವವರು ಮತ್ತು ಕೇಳುವವರ ನಡುವಿನ ನಂಬಿಕೆಯ ಕಥೆಯೂ ಅಷ್ಟೇ.

ಜಾಮ್ ಎಂದರೇನು?

ಇದು ಬ್ರೆಡ್ಡಿಗೆ ಹಚ್ಚುವ ಜಾಮ್ ಅಲ್ಲ, ರಸ್ತೆಯ ಟ್ರಾಫಿಕ್ ಜಾಮೂ ಅಲ್ಲ. ಜಾಝ್ ವಾದಕರು ಸಂಬಳದ ಕಾರ್ಯಕ್ರಮ ಮುಗಿಸಿ, ಅಪರಾತ್ರಿಯಲ್ಲಿ ತಮ್ಮ ಖುಷಿಗೆಂದು ಒಂದೆಡೆ ಕಲೆತು, ಬರೆದಿಟ್ಟ ಸ್ವರಗಳ ಹಂಗಿಲ್ಲದೆ ನುಡಿಸುತ್ತಿದ್ದರು. ಅದಕ್ಕೆ ಬಂದ ಹೆಸರು ಜಾಮ್.

ಕರ್ನಾಟಕ ಸಂಗೀತದ ಕಛೇರಿ ಕೇಳಿದವರಿಗೆ ಇದು ತೀರ ಅಪರಿಚಿತವಲ್ಲ. ಕೃತಿಯ ಒಂದು ಸಾಲನ್ನು ಹಿಡಿದು ನೆರವಲ್ ಮಾಡುವುದು, ಸ್ವರ ಹಾಕುವುದು, ಎಲ್ಲವೂ ಗಾಯಕನ ಮನೋಧರ್ಮಕ್ಕೆ ಬಿಟ್ಟದ್ದು. ಆದರೆ ಅಲ್ಲಿ ರಾಗದ ಚೌಕಟ್ಟಿದೆ, ಮುಂದಾಳು ಒಬ್ಬನಿದ್ದಾನೆ, ಪಕ್ಕವಾದ್ಯದವರು ಅವನ ಜಾಡು ಹಿಡಿಯುತ್ತಾರೆ. ಫಿಶ್‌ನಂಥವರ ಜಾಮ್‌ನಲ್ಲಿ ನಾಲ್ವರೂ ಏಕಕಾಲಕ್ಕೆ ಹೊಸದನ್ನು ಕಟ್ಟಬೇಕು. ಹಾಡು ಒಂದು ಶ್ರುತಿಯಲ್ಲಿ, ಒಂದು ನಡೆಯಲ್ಲಿ ಹೊರಟು ಇನ್ನೆಲ್ಲಿಗೋ ತಲುಪಬಹುದು. ಐದು ನಿಮಿಷದ ಹಾಡು ಅರ್ಧ ಗಂಟೆಯಾಗಬಹುದು. ಕೆಲವೊಮ್ಮೆ ದಾರಿಯೇ ತಪ್ಪಿ ಎಲ್ಲರೂ ಪೆಚ್ಚಾಗಬಹುದು.

ರಾಕ್ ಸಂಗೀತದಲ್ಲಿ ಈ ದಾರಿಯನ್ನು ಅಗಲ ಮಾಡಿದ್ದು 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ 'ಗ್ರೇಟ್‌ಫುಲ್ ಡೆಡ್' ತಂಡ. ಅದರಲ್ಲಿ ಭಾರತದ ಪಾಲೂ ಸ್ವಲ್ಪ ಉಂಟು. 1967ರ ಮಾಂಟೆರೇ ಉತ್ಸವದಲ್ಲಿ ಪಂಡಿತ್ ರವಿಶಂಕರ್ ಅವರ ಸಿತಾರ್ ಮೊಳಗಿದಾಗ ಈ ತಂಡವೂ ಅದೇ ಉತ್ಸವದ ಕಲಾವಿದರ ಸಾಲಿನಲ್ಲಿತ್ತು. ಅದರ ಡ್ರಮ್ಸ್ ವಾದಕ ಮಿಕಿ ಹಾರ್ಟ್, ಉಸ್ತಾದ್ ಅಲ್ಲಾ ರಖಾ ಅವರಿಂದ ತಾಳದ ಪಾಠ ಕಲಿತ. ಮುಂದೆ 1976ರಲ್ಲಿ ಅವರ ಮಗ ಜಾಕಿರ್ ಹುಸೇನ್ ಜತೆಗೂಡಿ ತಾಳವಾದ್ಯಗಳದ್ದೇ ಒಂದು ಆಲ್ಬಮ್ ಹೊರತಂದ.

ಎರಡು ಕಾಲೇಜು, ಒಂದು ತಂಡ

ಬರ್ಲಿಂಗ್ಟನ್ ಶಾಂಪ್ಲೇನ್ ಸರೋವರದ ದಂಡೆಯ ಮೇಲಿನ ಊರು. ವರ್ಮಾಂಟ್ ರಾಜ್ಯಕ್ಕೆಲ್ಲ ಅದೇ ದೊಡ್ಡ ಪಟ್ಟಣ. ಆದರೂ ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸು. ನ್ಯೂಯಾರ್ಕಿನಲ್ಲೋ ಲಾಸ್ ಏಂಜಲೀಸ್‌ನಲ್ಲೋ ಇದ್ದಂತೆ ಇಲ್ಲಿ ರೆಕಾರ್ಡ್ ಕಂಪನಿಗಳ ದಳ್ಳಾಳಿಗಳು ಸುಳಿಯುತ್ತಿರಲಿಲ್ಲ. ಅವಸರವಿಲ್ಲದ ಈ ಊರು ಹೊಸಬರಿಗೆ ತಪ್ಪು ಮಾಡಲು ಬೇಕಾದಷ್ಟು ಸಮಯ ಕೊಟ್ಟಿತು.

ತಂಡ ಕಟ್ಟಿದವರು ಗಿಟಾರಿನ ಟ್ರೇ ಅನಸ್ಟೇಸಿಯೊ ಮತ್ತು ಜೆಫ್ ಹೋಲ್ಡ್ಸ್‌ವರ್ತ್, ಬೇಸ್ ಗಿಟಾರಿನ ಮೈಕ್ ಗಾರ್ಡನ್, ಡ್ರಮ್ಸ್‌ನ ಫಿಶ್‌ಮನ್. ಆರಂಭದಲ್ಲೇ ವಿಘ್ನ ಬಂತು. ಅತಿರೇಕಕ್ಕೆ ಹೋದ ಒಂದು ಕೀಟಲೆಗಾಗಿ ವಿಶ್ವವಿದ್ಯಾಲಯ ಅನಸ್ಟೇಸಿಯೊನನ್ನು ಒಂದು ಅವಧಿಗೆ ಹೊರಗಿಟ್ಟಿತು. ಆತ ನ್ಯೂಜೆರ್ಸಿಯ ಮನೆಗೆ ಮರಳಿ, ಬಾಲ್ಯದ ಗೆಳೆಯ ಟಾಮ್ ಮಾರ್ಷಲ್ ಜತೆ ಹಾಡು ಕಟ್ಟುತ್ತ ಕೂತ. ಶಿಕ್ಷೆಯ ದಿನಗಳು ಮುಗಿದು ಬರ್ಲಿಂಗ್ಟನ್‌ಗೆ ವಾಪಸಾದಾಗ ಕೈಯಲ್ಲಿ ಸ್ವಂತ ಹಾಡುಗಳಿದ್ದವು.

1985ರಲ್ಲಿ ಸಮೀಪದ ಪ್ಲೇನ್‌ಫೀಲ್ಡ್‌ನ ಗಾಡರ್ಡ್ ಕಾಲೇಜಿನ ವಸಂತೋತ್ಸವಕ್ಕೆ ತಂಡಕ್ಕೆ ಕರೆ ಬಂತು. ಉತ್ಸವದ ವ್ಯವಸ್ಥೆ ನೋಡಿಕೊಂಡಿದ್ದ ಅಲ್ಲಿನ ವಿದ್ಯಾರ್ಥಿ ಪೇಜ್ ಮೆಕಾನೆಲ್, ಕೀಬೋರ್ಡ್ ನುಡಿಸುವವನಾಗಿ ತಂಡವನ್ನೇ ಸೇರಿಕೊಂಡ. ಅಷ್ಟಕ್ಕೇ ಬಿಡದೆ ಅನಸ್ಟೇಸಿಯೊ ಮತ್ತು ಫಿಶ್‌ಮನ್ ಇಬ್ಬರನ್ನೂ ತನ್ನ ಕಾಲೇಜಿಗೆ ಸೆಳೆದ. ವಿದ್ಯಾರ್ಥಿಗಳ ಕೊರತೆಯಿದ್ದ ಆ ಪುಟ್ಟ ಕಾಲೇಜು, ಒಬ್ಬೊಬ್ಬರನ್ನು ಕರೆತಂದದ್ದಕ್ಕೆ ಅವನಿಗೆ 50 ಡಾಲರ್ ಕೊಟ್ಟಿತಂತೆ! 1986ರಲ್ಲಿ ಹೋಲ್ಡ್ಸ್‌ವರ್ತ್ ಪದವಿ ಮುಗಿಸಿ ತಂಡ ಬಿಟ್ಟ. ಉಳಿದ ನಾಲ್ವರೇ ಇಂದಿಗೂ ಫಿಶ್.

ಗಾಡರ್ಡ್‌ನಲ್ಲಿ ಸಿದ್ಧ ಪಠ್ಯಕ್ರಮಕ್ಕೆ ಬೆಲೆ ಕಡಿಮೆಯಿತ್ತು. ವಿದ್ಯಾರ್ಥಿ ತನಗೆ ಬೇಕಾದುದನ್ನು ತಾನೇ ಆರಿಸಿ ಅಭ್ಯಾಸ ಮಾಡಿ, ಕೊನೆಗೆ ಒಂದು ಪ್ರಬಂಧ ಒಪ್ಪಿಸಬೇಕಿತ್ತು. ಮೆಕಾನೆಲ್ ಬರೆದದ್ದು ಆಶುವಾದನದ ಕಲೆಯನ್ನು ಕುರಿತು. ಫಿಶ್‌ಮನ್ ಬರೆದದ್ದು ಡ್ರಮ್ಸ್ ಅನ್ನು ತಾನೇ ಕಲಿತುಕೊಳ್ಳುವ ಬಗೆ. ಅನಸ್ಟೇಸಿಯೊ ಒಪ್ಪಿಸಿದ್ದು ಗೇಮ್‌ಹೆಂಜ್ ಎಂಬ ಕಲ್ಪಿತ ನಾಡಿನ ಕಥೆ ಹೇಳುವ ಇಡೀ ಹಾಡುಮಾಲೆ. ವರ್ಮಾಂಟಿನ ಸ್ವರಸಂಯೋಜಕ ಅರ್ನಿ ಸ್ಟೈರ್ಸ್ ಬಳಿ ಆತ ಕ್ರಮವಾಗಿ ಪಾಠ ಹೇಳಿಸಿಕೊಂಡಿದ್ದ. ಎಷ್ಟೋ ತಂಡಗಳನ್ನು ಒಡೆದ ಕಾಲೇಜಿನ ಕೊನೆಯ ವರ್ಷ ಈ ತಂಡಕ್ಕೆ ತಾಲೀಮಿನ ವರ್ಷವಾಯಿತು. ಇವರಿಗೆ ಓದು ಮತ್ತು ಹಾಡು ಬೇರೆಬೇರೆಯಾಗಿರಲಿಲ್ಲ.

ತಾಲೀಮಿನಲ್ಲೂ ಒಂದು ವಿಶೇಷವಿತ್ತು. ಒಬ್ಬ ಒಂದು ಪುಟ್ಟ ಸ್ವರಗುಚ್ಛ ನುಡಿಸಬೇಕು. ಮಿಕ್ಕವರು ಅದಕ್ಕೆ ಹೊಂದುವ ತಮ್ಮ ತಮ್ಮ ತುಣುಕು ಕೂಡಿಸಬೇಕು. ಉಳಿದ ಮೂವರೂ ಹುಡುಕಾಟ ನಿಲ್ಲಿಸಿ ನೆಲೆಗೊಂಡರು ಎಂದು ಅನ್ನಿಸಿದವನು 'ಹೇ' ಎನ್ನಬೇಕು. ನಾಲ್ವರೂ ಒಟ್ಟಿಗೆ 'ಹೇ' ಎಂದರೆ ಗೆದ್ದಂತೆ. ಆಟ ಮಕ್ಕಳದ್ದೆನಿಸಿದರೂ ಗುಟ್ಟು ದೊಡ್ಡದು. ತಾನು ಹೇಗೆ ನುಡಿಸುತ್ತಿದ್ದೇನೆ ಎಂಬುದನ್ನು ಮರೆತು ಇತರರಿಗೆ ಕಿವಿಗೊಡದೆ ಈ ಆಟ ಆಡಲಾಗದು.

ನೆಕ್ಟರ್ ಸಾಹೇಬರ ಹೋಟೆಲು

ಬರ್ಲಿಂಗ್ಟನ್‌ನ ಮೇನ್ ಸ್ಟ್ರೀಟಿನಲ್ಲಿ ನೆಕ್ಟರ್ ರೋರಿಸ್ ಎಂಬುವರ ಹೋಟೆಲೊಂದಿತ್ತು. ಹುರಿದ ಆಲೂಗಡ್ಡೆಯ ಮೇಲೆ ಬಿಸಿ ಗ್ರೇವಿ ಸುರಿದು ಕೊಡುವುದಕ್ಕೆ ಹೆಸರುವಾಸಿ. ಕುಡಿಯಲು, ತಿನ್ನಲು ಬಂದವರಿಗೆ ಸಂಗೀತ ಉಚಿತ. 1989ರವರೆಗೆ ಫಿಶ್ ಇಲ್ಲಿ ಸಾಲಾಗಿ ಮೂರು ಮೂರು ರಾತ್ರಿ, ರಾತ್ರಿಗೆ ಮೂರು ಭಾಗಗಳಂತೆ ನುಡಿಸುತ್ತಿತ್ತು.

ಹೊಸ ತಂಡಕ್ಕೆ ಇದಕ್ಕಿಂತ ದೊಡ್ಡ ಶಾಲೆ ಬೇರಿಲ್ಲ. ಮೂರು ರಾತ್ರಿಯೂ ಅದೇ ಜನ ಬರುವಾಗ ಅದೇ ಹಾಡುಗಳನ್ನು ಅದೇ ಕ್ರಮದಲ್ಲಿ ನುಡಿಸಿದರೆ ನಡೆಯದು. ಹೊಸ ಹಾಡು ಬೇಕು, ಹಳೆಯದಕ್ಕೆ ಹೊಸ ತಿರುವು ಬೇಕು, ನಡುವೆ ನಗೆಚಾಟಿಕೆಯೂ ಬೇಕು. ಗಿಟಾರಿನ ಇಬ್ಬರು ನುಡಿಸುತ್ತಲೇ ಟ್ರಾಂಪೊಲಿನ್ ಮೇಲೆ ಒಂದೇ ಲಯದಲ್ಲಿ ಕುಪ್ಪಳಿಸುವುದು, ಹೆಂಗಸರ ಗೌನು ತೊಟ್ಟ ಫಿಶ್‌ಮನ್ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆಗೆ ಬಾಯಿಟ್ಟು ವಿಚಿತ್ರ ಸದ್ದು ಹೊರಡಿಸುವುದು, ಇವೆಲ್ಲ ತಂಡದ ಕಾರ್ಯಕ್ರಮದ ಅಂಗವಾದವು. ತಂಡ ಈ ಋಣ ಮರೆಯಲಿಲ್ಲ. 1991ರಲ್ಲಿ ಇಲೆಕ್ಟ್ರಾ ಎಂಬ ದೊಡ್ಡ ಕಂಪನಿಯೊಡನೆ ಒಪ್ಪಂದವಾದ ಮೇಲೆ, 1992ರಲ್ಲಿ ಅಲ್ಲಿಂದ ಬಂದ ಆಲ್ಬಮ್ಮಿಗೆ ನೆಕ್ಟರ್ ಅವರ ಹೆಸರನ್ನೇ ಇಟ್ಟಿತು. ಹೊದಿಕೆಯ ಮೇಲೆ ಕಿತ್ತಳೆ ಹಣ್ಣು, ಹಣ್ಣಿನೊಳಗೆ ಅವರ ಮುಖ.

ಅದಕ್ಕೂ ಮೊದಲಿನ ಒಂದು ಪ್ರಸಂಗ ತಂಡದ ಹಣೆಬರಹವನ್ನು ತಿರುಗಿಸಿತು. ಬಾಸ್ಟನ್ ನಗರದ ಪ್ಯಾರಡೈಸ್ ಕ್ಲಬ್ಬಿನವರು ಈ ಹಳ್ಳಿ ತಂಡಕ್ಕೆ ಅವಕಾಶ ಕೊಡಲು ಒಪ್ಪಲಿಲ್ಲ. ತಂಡ ಕ್ಲಬ್ಬನ್ನೇ ಬಾಡಿಗೆಗೆ ಹಿಡಿಯಿತು. 1989ರ ಜನವರಿ 26ರಂದು ಬರ್ಲಿಂಗ್ಟನ್‌ನ ಅಭಿಮಾನಿಗಳು ಬಸ್ಸು ಮಾಡಿಕೊಂಡು ಬಾಸ್ಟನ್‌ಗೆ ಬಂದಿಳಿದರು. ಟಿಕೆಟ್ಟುಗಳೆಲ್ಲ ಖರ್ಚಾಗಿದ್ದವು. ಕ್ಲಬ್ಬಿನವರು ಅಲ್ಲಿಯತನಕ ಕೇಳಿರದಿದ್ದ ತಂಡಕ್ಕೆ ಅಷ್ಟೊಂದು ಜನ ಬಂದದ್ದು ಅವರಿಗೆ ಅಚ್ಚರಿಯಾಯಿತು.

ಕ್ಯಾಸೆಟ್ಟಿನ ಬೆನ್ನೇರಿ

ಆ ಜನ ಹುಟ್ಟಿದ್ದು ರೇಡಿಯೋದಿಂದಲ್ಲ, ಕ್ಯಾಸೆಟ್ಟಿನಿಂದ. ಆ ಕಾಲಕ್ಕೆ ಬಹುತೇಕ ಸಂಗೀತ ಸಭಾಂಗಣಗಳ ಬಾಗಿಲಲ್ಲಿ ಜೇಬು ತಡಕಿ ಟೇಪ್ ರೆಕಾರ್ಡರ್ ಕಿತ್ತುಕೊಳ್ಳುತ್ತಿದ್ದರು. ಜನ ಕದ್ದು ರೆಕಾರ್ಡ್ ಮಾಡಿಕೊಂಡರೆ ಆಲ್ಬಮ್ ಕೊಳ್ಳುವವರಾರು ಎಂಬ ಭಯ. ಗ್ರೇಟ್‌ಫುಲ್ ಡೆಡ್ ತಂಡ ಇದಕ್ಕೆ ವಿರುದ್ಧ ದಾರಿ ಹಿಡಿದು, 1984ರಲ್ಲಿ ರೆಕಾರ್ಡ್ ಮಾಡಿಕೊಳ್ಳುವವರಿಗೆಂದೇ ಪ್ರತ್ಯೇಕ ಜಾಗ ಗುರುತಿಸಿಕೊಟ್ಟಿತ್ತು. ಫಿಶ್ ಕೂಡ ಕೇಳುಗರಿಗೆ ಮೈಕು ಹಿಡಿದು ನಿಲ್ಲಲು ಬಿಟ್ಟಿತು. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ.

ಅಭಿಮಾನಿಗಳು ಇದಕ್ಕೊಂದು ರೀತಿರಿವಾಜನ್ನೇ ಮಾಡಿಕೊಂಡರು. ಹೊಸಬನೊಬ್ಬ ಖಾಲಿ ಕ್ಯಾಸೆಟ್ಟುಗಳನ್ನೂ ಮರಳಿ ಕಳಿಸಲು ಬೇಕಾದ ಅಂಚೆ ಚೀಟಿಗಳನ್ನೂ ಲಕೋಟೆಯಲ್ಲಿಟ್ಟು ಹಳಬನಿಗೆ ಕಳಿಸುವುದು. ಹಳಬ ಅದರಲ್ಲಿ ಕಾರ್ಯಕ್ರಮ ತುಂಬಿ ಹಿಂದಿರುಗಿಸುವುದು. ಇಬ್ಬರೂ ಮುಖ ನೋಡಿದವರಲ್ಲ, ಹಣ ಕೈ ಬದಲಾಯಿಸುವುದಿಲ್ಲ. ಹೀಗೆ ಬರ್ಲಿಂಗ್ಟನ್‌ನ ಹೋಟೆಲಿನಲ್ಲಿ ನುಡಿಸಿದ್ದು ತಂಡ ಎಂದೂ ಕಾಲಿಡದ ಊರುಗಳ ಹಾಸ್ಟೆಲುಗಳನ್ನು ತಲುಪಿತು.

ಎಲ್ಲ ಕಾರ್ಯಕ್ರಮವೂ ಒಂದೇ ತೆರನಾಗಿದ್ದರೆ ಈ ವಿನಿಮಯ ಬೆಳೆಯುತ್ತಿರಲಿಲ್ಲ. ಒಂದು ಕ್ಯಾಸೆಟ್ ಸಾಕಾಗುತ್ತಿತ್ತು. ಪ್ರತಿ ರಾತ್ರಿಯೂ ಬೇರೆಯಾಗಿದ್ದರಿಂದಲೇ ನಿನ್ನೆಯದು ಕೇಳಿದವನಿಗೆ ಇಂದಿನದೂ ಬೇಕಾಯಿತು. ಧ್ವನಿಮುದ್ರಣ ಬಿಟ್ಟಿ ಸಿಕ್ಕಿತು, ಆದರೆ ಮುಂದಿನ ರಾತ್ರಿಯ ಹೊಸ ತಿರುವನ್ನು ಅಲ್ಲೇ ನಿಂತು ಕೇಳಲು ಟಿಕೆಟ್ ಬೇಕಿತ್ತು. ನಷ್ಟದ ದಾರಿಯೆಂದು ಇತರರು ತಿಳಿದದ್ದೇ ಫಿಶ್‌ಗೆ ಲಾಭದ ದಾರಿಯಾಯಿತು.

ಕೇಳುಗರನ್ನು ಆಟದೊಳಕ್ಕೆ ಎಳೆಯುವುದೂ ನಡೆದಿತ್ತು. 1995ರ ಪ್ರವಾಸದಲ್ಲಿ ತಂಡ ಮತ್ತು ಪ್ರೇಕ್ಷಕರ ನಡುವೆ ಚದುರಂಗ ಪಂದ್ಯ ಏರ್ಪಟ್ಟಿತು. ಒಂದು ಕಾರ್ಯಕ್ರಮಕ್ಕೆ ಎರಡೂ ಕಡೆಯಿಂದ ಒಂದೊಂದು ನಡೆ. ಊರಿಂದೂರಿಗೆ ಸಾಗಿದ ಈ ಪಂದ್ಯಾವಳಿ ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಗಿದಾಗ ಇಬ್ಬರಿಗೂ ಒಂದೊಂದು ಗೆಲುವು.

ವಾಯುನೆಲೆಯಲ್ಲಿ ಜಾತ್ರೆ

1995ರ ಆಗಸ್ಟ್ 9ರಂದು ಗ್ರೇಟ್‌ಫುಲ್ ಡೆಡ್‌ನ ಜೆರ್ರಿ ಗಾರ್ಸಿಯ ತೀರಿಕೊಂಡ. ಆ ತಂಡದ ಹಿಂದೆ ಊರೂರು ಅಲೆಯುತ್ತಿದ್ದ ಸಾವಿರಾರು ಜನ ಹೊಸ ಠಾವು ಹುಡುಕತೊಡಗಿದರು. ಅವರಲ್ಲಿ ಅನೇಕರು ಫಿಶ್‌ನತ್ತ ತಿರುಗಿದರು. 1996ರ ಆಗಸ್ಟ್ 16 ಮತ್ತು 17ರಂದು, ಬರ್ಲಿಂಗ್ಟನ್‌ನಿಂದ ಸರೋವರದಾಚೆಗಿರುವ ಪ್ಲಾಟ್ಸ್‌ಬರ್ಗ್‌ನಲ್ಲಿ ಮುಚ್ಚಿಹೋಗಿದ್ದ ವಾಯುನೆಲೆಯ ಮೇಲೆ ತಂಡ ಸ್ವಂತ ಉತ್ಸವ ನಡೆಸಿತು. 70,000 ಜನ ಸೇರಿದರು. ನುಡಿಸಿದ್ದು ಫಿಶ್ ಒಂದೇ ತಂಡ. ಡೇರೆಗಳ ಊರೇ ಎದ್ದಿತು. ಆ ಊರಿಗೊಂದು ರೇಡಿಯೋ ಕೇಂದ್ರವೂ ಬಂತು. ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ, ನಸುಕಿಗೆ ಮುನ್ನ, ತಂಡ ತೆರೆದ ಟ್ರಕ್ಕಿನ ಮೇಲೆ ನುಡಿಸುತ್ತ ಡೇರೆಗಳ ನಡುವೆ ಸಾಗಿತು. ನಮ್ಮೂರ ಉತ್ಸವಮೂರ್ತಿಯ ಮೆರವಣಿಗೆ ನೆನಪಾಗುವಂಥ ದೃಶ್ಯ.

ಶಿಖರ ಮುಟ್ಟಿದ್ದು 1999ರ ಡಿಸೆಂಬರ್ 31ರಂದು. ಫ್ಲಾರಿಡಾದ ಬಿಗ್ ಸೈಪ್ರೆಸ್ ಎಂಬಲ್ಲಿ, ಸೆಮಿನೋಲ್ ಬುಡಕಟ್ಟಿನ ಮೀಸಲು ನೆಲದಲ್ಲಿ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರೆದುರು, ಮಧ್ಯರಾತ್ರಿಗೆ ಆರಂಭಿಸಿ ಹೊಸ ವರ್ಷದ ಸೂರ್ಯ ಮೂಡುವವರೆಗೆ ಏಳು ಗಂಟೆಗೂ ಮಿಕ್ಕಿ ಫಿಶ್ ನುಡಿಸಿತು. ಆಟ ಮುಗಿದು ಬೆಳಗಾದಾಗ ಬಯಲಾಟದ ಕಲಾವಿದನಿಗೂ ಪ್ರೇಕ್ಷಕನಿಗೂ ಆಗುವ ತೃಪ್ತಿ ಮತ್ತು ಬಳಲಿಕೆ ಎರಡೂ ಅಲ್ಲಿ ಆಗಿರಬೇಕು.

ಕೆಸರಿನ ವಿದಾಯ

ಏರಿದ್ದು ಇಳಿಯಲೇಬೇಕಿತ್ತು. ನಾಲ್ವರು ಗೆಳೆಯರ ಆಟ ನೂರಾರು ಜನರ ಹೊಟ್ಟೆಪಾಡಿನ ಉದ್ಯಮವಾಗಿತ್ತು. ಮಾದಕ ವಸ್ತುಗಳು ಪ್ರೇಕ್ಷಕರ ನಡುವೆ ಮಾತ್ರವಲ್ಲ, ರಂಗದ ಹಿಂದೆಯೂ ಹೊಕ್ಕಿದ್ದವು. 2000ದ ಅಕ್ಟೋಬರ್‌ನಲ್ಲಿ ತಂಡ ವಿಶ್ರಾಂತಿಗೆ ಸರಿಯಿತು. 2002ರ ಕೊನೆಯ ದಿನ ಮರಳಿತಾದರೂ ರೋಗ ಹಾಗೇ ಇತ್ತು. 2004ರ ಮೇ ತಿಂಗಳಲ್ಲಿ ತಂಡ ಮುಗಿಯಿತೆಂಬ ಪ್ರಕಟಣೆ ಹೊರಬಿತ್ತು.

ವಿದಾಯಕ್ಕೆ ಆರಿಸಿದ್ದು ತವರಿನ ನೆಲವನ್ನೇ. ವರ್ಮಾಂಟಿನ ಕಾವೆಂಟ್ರಿ ಎಂಬ ಹಳ್ಳಿಯಲ್ಲಿ ಆಗಸ್ಟ್ 14 ಮತ್ತು 15ರಂದು ಕೊನೆಯ ಕಾರ್ಯಕ್ರಮ. ಮಳೆ ಸುರಿದು ಬಯಲು ಕೆಸರುಗದ್ದೆಯಾಯಿತು. ವಾಹನ ನಿಲ್ಲಿಸಲು ಜಾಗವಿಲ್ಲದೆ ಹೆದ್ದಾರಿ ಕಟ್ಟಿತು. ಬರುತ್ತಿರುವವರು ದಯವಿಟ್ಟು ಹಿಂದಿರುಗಿ ಎಂದು ರೇಡಿಯೋದಲ್ಲಿ ಕೇಳಿಕೊಂಡವನು ಸ್ವತಃ ಮೈಕ್ ಗಾರ್ಡನ್. ಸಾವಿರಾರು ಜನ ಹಿಂದಿರುಗಲಿಲ್ಲ. ಕಾರುಗಳನ್ನು ಹೆದ್ದಾರಿಯ ಅಂಚಿನಲ್ಲೇ ಬಿಟ್ಟು, ಗಂಟುಮೂಟೆ ಹೊತ್ತು ಮೈಲಿಗಟ್ಟಲೆ ನಡೆದು ಬಂದರು.

ಅಷ್ಟು ದೂರ ನಡೆದು ಬಂದವರಿಗೆ ಸಿಕ್ಕಿದ್ದು ತಂಡದ ಅತಿ ದುರ್ಬಲ ವಾದನ. ಅನಸ್ಟೇಸಿಯೊನ ಬೆರಳುಗಳು ತಾನೇ ಕಟ್ಟಿದ ಹಾಡುಗಳಲ್ಲಿ ಎಡವಿದವು. ಮೆಕಾನೆಲ್ ಹಾಡುತ್ತ ಹಾಡುತ್ತ ಗದ್ಗದಿತನಾದ. ಹುಡುಕಾಟದಲ್ಲಿ ಎಡವುವುದನ್ನು ಇಪ್ಪತ್ತು ವರ್ಷ ಕ್ಷಮಿಸುತ್ತ ಬಂದಿದ್ದ ಕೇಳುಗರಿಗೆ ಇದು ಬೇರೆ ಬಗೆಯದೆಂದು ಅರ್ಥವಾಯಿತು. ಒಬ್ಬರಿಗೊಬ್ಬರು ಕಿವಿಗೊಟ್ಟು ಬೆಳೆದ ತಂಡದಲ್ಲಿ ಆ ಕಿವಿಯೇ ಮಂದವಾಗಿತ್ತು.

2006ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ವೈಟ್‌ಹಾಲ್ ಎಂಬಲ್ಲಿ ಪೊಲೀಸರು ಅನಸ್ಟೇಸಿಯೊನ ಕಾರು ತಡೆದರು. ಮಾದಕ ವಸ್ತು ಸಿಕ್ಕಿ ಬಂಧನವಾಯಿತು. ಮಾದಕ ವ್ಯಸನಿಗಳ ಪ್ರಕರಣ ನೋಡುವ ವಿಶೇಷ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಆತ ಒಂದು ವರ್ಷಕ್ಕೂ ಹೆಚ್ಚು ಕಾಲ ಚಿಕಿತ್ಸೆ ಪಡೆದ. ಆ ಬಂಧನವೇ ತನ್ನನ್ನು ಉಳಿಸಿತೆಂದು ಆತ ಬಹಿರಂಗವಾಗಿ ಹೇಳಿದ್ದಾನೆ.

ಮತ್ತೆ ಶ್ರುತಿಗೆ

2009ರ ಮಾರ್ಚ್ 6ರಂದು ವರ್ಜೀನಿಯದ ಹ್ಯಾಂಪ್ಟನ್‌ನಲ್ಲಿ ನಾಲ್ವರೂ ಮತ್ತೆ ಒಂದೇ ವೇದಿಕೆಗೆ ಬಂದರು. ಅಲ್ಲಿಂದ ಮುಂದಿನದು ದುಡುಕಿಲ್ಲದ ನಡಿಗೆ. 2017ರ ಬೇಸಿಗೆಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ನುಡಿಸಿ, 237 ಹಾಡುಗಳಲ್ಲಿ ಒಂದನ್ನೂ ಮರುಕಳಿಸದೆ ಮುಗಿಸಿದ್ದು ಐವತ್ತು ದಾಟಿದವರ ತಾಲೀಮಿಗೆ ಸಾಕ್ಷಿ.

ತವರಿನ ಋಣವನ್ನೂ ತೀರಿಸುತ್ತ ಬಂದರು. ಬರ್ಲಿಂಗ್ಟನ್‌ನಲ್ಲೇ ಹುಟ್ಟಿದ ಬೆನ್ ಅಂಡ್ ಜೆರ್ರೀಸ್ ಕಂಪನಿ 1997ರಲ್ಲಿ ತಂಡದ ಹೆಸರಿನ ಐಸ್‌ಕ್ರೀಮ್ ಹೊರತಂದಾಗ, ಅದರಿಂದ ಬರುವ ತಮ್ಮ ಪಾಲನ್ನು ಶಾಂಪ್ಲೇನ್ ಸರೋವರದ ರಕ್ಷಣೆಗೆ ಮೀಸಲಿಟ್ಟರು. 2011ರಲ್ಲಿ ಐರೀನ್ ಚಂಡಮಾರುತದ ನೆರೆಯಿಂದ ವರ್ಮಾಂಟ್ ತತ್ತರಿಸಿದಾಗ ಪರಿಹಾರಕ್ಕಾಗಿ ಒಂದು ಕಾರ್ಯಕ್ರಮ ಕೊಟ್ಟು ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. 2023ರಲ್ಲಿ ಅದೇ ರಾಜ್ಯದ ಲಡ್ಲೋ ಎಂಬ ಊರಿನಲ್ಲಿ ವ್ಯಸನದಿಂದ ಹೊರಬರುವವರಿಗಾಗಿ ಒಂದು ಕೇಂದ್ರ ತೆರೆಯಿತು. ಅದನ್ನು ಸ್ಥಾಪಿಸಿದವನು ಅನಸ್ಟೇಸಿಯೊ.

2025ರಲ್ಲಿ ಅಮೆರಿಕದ ರಾಕ್ ಸಂಗೀತದ ಗೌರವ ಸಂಸ್ಥೆಯಾದ 'ಹಾಲ್ ಆಫ್ ಫೇಮ್'ಗೆ ಫಿಶ್ ಹೆಸರು ಸೂಚಿತವಾಯಿತು. ಸಾರ್ವಜನಿಕರ ಮತದಾನದಲ್ಲಿ 3 ಲಕ್ಷಕ್ಕೂ ಹೆಚ್ಚು ಮತ ಪಡೆದು ತಂಡ ಮೊದಲ ಸ್ಥಾನಕ್ಕೆ ಬಂತು. ಆದರೆ ಅಂತಿಮ ಆಯ್ಕೆ ಮಾಡುವ ಪಂಡಿತರು ಆ ವರ್ಷ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬಾಸ್ಟನ್ ಕ್ಲಬ್ಬಿನ ಬಾಗಿಲಲ್ಲಿ ನಡೆದದ್ದೇ ಇಲ್ಲೂ ನಡೆದಂತಾಯಿತು: ಜನ ಬಸ್ಸು ಮಾಡಿಕೊಂಡು ಬಂದಿದ್ದಾರೆ, ಯಜಮಾನರಿಗೆ ಇನ್ನೂ ಸಂಶಯ.

ಇಷ್ಟರ ನಡುವೆ ಒಂದು ವಿಷಾದದ ಸುದ್ದಿಯೂ ಬಂತು. ಮೂವರಿಗೆ ಪದವಿ ಕೊಟ್ಟ, ಹಾಡನ್ನೇ ಪ್ರಬಂಧವೆಂದು ಒಪ್ಪಿಕೊಂಡ ಗಾಡರ್ಡ್ ಕಾಲೇಜು ವಿದ್ಯಾರ್ಥಿಗಳೂ ಹಣವೂ ಸಾಲದೆ 2024ರಲ್ಲಿ ಬಾಗಿಲು ಮುಚ್ಚಿತು. ಕಾಲೇಜಿನ ತಂಡಗಳು ಕಾಲೇಜಿಗಿಂತ ಮೊದಲು ಮುಗಿಯುವುದು ಲೋಕರೂಢಿ. ಇಲ್ಲಿ ಕಾಲೇಜೇ ಮುಗಿಯಿತು, ತಂಡ ಉಳಿಯಿತು. ಅಲ್ಲಿ ಕಲಿತ ಪಾಠ, ಅಂದರೆ ಜತೆಗಾರನಿಗೆ ಕಿವಿಗೊಡುವುದು ಮತ್ತು ಕೇಳುಗನನ್ನು ನಂಬುವುದು, ರಾತ್ರಿಗೊಂದು ಹೊಸ ರೂಪದಲ್ಲಿ ಇನ್ನೂ ಒಪ್ಪಿಸಲ್ಪಡುತ್ತಿದೆ.